ನಾನು ಪದವೀಧರನಾದ ಬುಧವಾರ

ನಾನು ಪದವೀಧರನಾದದ್ದು ಒಂದು ಬುಧವಾರ, ಮಧ್ಯಾಹ್ನದ ಚಹಾಕ್ಕೆ ಸ್ವಲ್ಪ ಮುಂಚೆ. ಬೆಳಿಗ್ಗೆ ಎದ್ದಾಗ ನಾನು ಎಂಟನೇ ಕ್ಲಾಸು ಫೇಲು. ಸಂಜೆ ಮನೆಗೆ ಬಂದಾಗ ಮತ್ತೆ ಎಂಟನೇ ಕ್ಲಾಸು ಫೇಲು. ನಡುವೆ ಸ್ವಲ್ಪ ಹೊತ್ತು ನನ್ನ ಮೈಮೇಲೆ ಇಸ್ತ್ರಿ ಮಾಡಿದ ಅಂಗಿ ಇತ್ತು, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ದೊಡ್ಡವರು ನನ್ನನ್ನು ‘ನೀವು’ ಎನ್ನುತ್ತಿದ್ದರು. ಅಷ್ಟಕ್ಕೇ ನನ್ನ ತಲೆಯೂ ತಿರುಗಿತು. ಹುಟ್ಟಿದಾಗಿನಿಂದ ಆ ಫ್ಯಾನಿನ ಕೆಳಗೇ ಕೂತವರ ಗತಿ ಏನಾಗಿರಬೇಡ!

ನಮ್ಮದು ಬಣ್ಣ ಬಳಿಯುವ ತಂಡ. ತಂಡದಲ್ಲಿ ನನ್ನ ಹೆಸರು ಎಂಟು. ಅಕ್ಕನ ಹೆಸರು ಡಿಗ್ರಿ. “ಎಂಟೂ, ಏಣಿ ಹಿಡಿ. ಡಿಗ್ರೀ, ಪುಟ್ಟಿ ಕಲಸು” ಎಂದು ಮೇಸ್ತ್ರಿ ಕೂಗುತ್ತಾನೆ. ಇಬ್ಬರೂ ಒಂದೇ ಬಕೆಟ್ಟಿನಿಂದ ಪುಟ್ಟಿ ತೆಗೆಯುತ್ತೇವೆ, ಒಂದೇ ಗೋಡೆಗೆ ಮೆತ್ತುತ್ತೇವೆ, ಒಂದೇ ಕೂಲಿ ತಗೊಳ್ಳುತ್ತೇವೆ. ಅಲ್ಲ, ತಪ್ಪು ಹೇಳಿದೆ. ಅವಳದು ಹೆಣ್ಣಾಳಿನ ಕೂಲಿ, ನನ್ನದಕ್ಕಿಂತ ಕಡಿಮೆ. ಫೇಲಾದವನಿಗೆ ಹೆಚ್ಚು, ಪಾಸಾದವಳಿಗೆ ಕಡಿಮೆ. ನಮ್ಮ ಮನೆಯಲ್ಲಿ ವಿದ್ಯೆಯ ಬೆಲೆ ತಿಳಿಯಲು ಯಾವ ಸಮೀಕ್ಷೆಯೂ ಬೇಕಾಗಿಲ್ಲ.

ಅಕ್ಕನನ್ನು ಓದಿಸುವುದಕ್ಕೆ ತಮ್ಮ ಶಾಲೆ ಬಿಟ್ಟ ಎಂದು ಅವ್ವ ಕಂಡಕಂಡವರ ಹತ್ತಿರ ಹೇಳುತ್ತಾಳೆ. ಕೇಳುವುದಕ್ಕೆ ಚೆನ್ನಾಗಿದೆ. ನಾನೂ ತ್ಯಾಗಿಯ ಮುಖ ಮಾಡಿಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ. ನಿಜ ಸಂಗತಿ ಬೇರೆ. ಲೆಕ್ಕದ ಮೇಷ್ಟ್ರು ಪಾಠದ ಹೊತ್ತಿನಲ್ಲಿ ನನ್ನನ್ನು ಶಾಲೆಯ ನೀರಿನ ತೊಟ್ಟಿ ತೊಳೆಯಲು ಕಳಿಸುತ್ತಿದ್ದರು. ನಮ್ಮ ಬೀದಿಯ ಮಕ್ಕಳನ್ನು ಮಾತ್ರ ಕಳಿಸುತ್ತಿದ್ದರು. ಬೇರೆಯವರ ಕೈ ಒದ್ದೆಯಾದರೆ ಪುಸ್ತಕ ನೆನೆಯುತ್ತದಲ್ಲ! ವರ್ಷದ ಕೊನೆಗೆ ನನಗೆ ಭಾಗಾಕಾರ ಬರುತ್ತಿರಲಿಲ್ಲ, ತೊಟ್ಟಿ ತೊಳೆಯಲು ಬರುತ್ತಿತ್ತು. ಪರೀಕ್ಷೆಯಲ್ಲಿ ತೊಟ್ಟಿಯ ಪ್ರಶ್ನೆ ಬರಲಿಲ್ಲ. ಫೇಲಾದೆ. ಈಗ ಯೋಚಿಸಿದರೆ, ಮುಂದಿನ ಬದುಕಿಗೆ ನನ್ನನ್ನು ಸರಿಯಾಗಿ ಸಿದ್ಧಗೊಳಿಸಿದ ಏಕೈಕ ಗುರು ಆ ಪುಣ್ಯಾತ್ಮ.

ಅಕ್ಕ ಹಾಗಲ್ಲ. ಅವಳನ್ನು ತೊಟ್ಟಿಗೆ ಕಳಿಸಿದರೆ ತೊಟ್ಟಿಯೊಳಗೆ ನಿಂತು ಪದ್ಯ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದಳು. ಅವ್ವ ನಾಲ್ಕು ಮನೆಗಳ ಬಟ್ಟೆ ಒಗೆದಳು, ನಾನು ಇಟ್ಟಿಗೆ ಹೊತ್ತೆ, ಅವಳು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದಳು. ಪಾಸಾದ ದಿನ ಅವ್ವ ಅವಳ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿ, “ಈ ಕೈ ಇನ್ನು ನೀರಲ್ಲಿ ನೆನೆಯಲ್ಲ” ಎಂದಿದ್ದಳು.

ಆಮೇಲೆ ಅಕ್ಕ ಕೆಲಸ ಕೇಳಿಕೊಂಡು ಹೋದಳು. ಒಂದು ಕಡೆ ಅನುಭವ ಇದೆಯಾ ಎಂದರು. ಇನ್ನೊಂದು ಕಡೆ ಯಾವ ಬೀದಿ ಎಂದರು. ಮತ್ತೊಂದು ಕಡೆ, ಮೊದಲ ವರ್ಷ ಸಂಬಳ ಇಲ್ಲ, ಕಲಿತ ಹಾಗಾಗುತ್ತದೆ ಎಂದರು. ಕಲಿತು ಬಂದವಳು ಮತ್ತೆ ಕಲಿಯಬೇಕಂತೆ, ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು. ಕೊನೆಗೆ ಒಂದು ದಿನ, “ಸ್ವಲ್ಪ ದಿನದ ಮಟ್ಟಿಗೆ” ಎಂದು ನನ್ನ ಹಿಂದೆ, ಗೋಡೆಗೆ ಕಟ್ಟಿದ ಸಾರುವೆ ಹತ್ತಿದಳು. ಸ್ವಲ್ಪ ದಿನ ಎಂದರೆ ಎಷ್ಟು ಎಂದು ರಸಾಯನಶಾಸ್ತ್ರದಲ್ಲಿ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತದೆ. ಅವಳಿನ್ನೂ ಇಳಿದಿಲ್ಲ.

ಅಷ್ಟರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಬಣ್ಣ ಬಳಿಯುವ ಗುತ್ತಿಗೆ ಮೇಸ್ತ್ರಿಗೆ ಸಿಕ್ಕಿತು. ತಪಾಸಣೆಯ ಕಮಿಟಿ ಬರುವುದಿತ್ತು. ಕಮಿಟಿ ಬಂದು ಚೆನ್ನಾಗಿದೆ ಎಂದರೆ ವಿಶ್ವವಿದ್ಯಾಲಯದ ದರ್ಜೆ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಅಲ್ಲಿಗೆ ಬರಲ್ಲ ಎಂದಳು ಅಕ್ಕ. ಮಾರನೆಯ ದಿನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದಳು. ಯಾರಾದರೂ ಕೇಳಿದರೆ ಧೂಳು ಎನ್ನುತ್ತಿದ್ದಳು.

ಧೂಳೇನೋ ಇತ್ತು. ಹಳೆಯ ಬಣ್ಣವನ್ನು ಕೆರೆದು, ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಬೇಕು. ಉಜ್ಜಿದ್ದೆಲ್ಲ ಮೂಗಿಗೆ ಬರುತ್ತದೆ. ಉಗುಳಿದರೆ ಬಿಳಿ, ಸೀನಿದರೆ ಬಿಳಿ. ಸಂಜೆ ಬೆರಳು ಮಡಚಿದರೆ ಚರ್ಮ ಬಿರಿಯುತ್ತದೆ. ಇದೆಲ್ಲ ನಮಗೆ ಹೊಸದಲ್ಲ. ಹೊಸದು ಎಂದರೆ ಕಕ್ಕಸಿನದು.

ವಿಭಾಗದ ಕಕ್ಕಸುಗಳಿಗೆ ಕಮಿಟಿಯ ಸಲುವಾಗಿ ಹೊಸ ಟೈಲ್ಸ್ ಹಾಕಿಸಿದ್ದರು. ಒಳಗೋಡೆಗೆ ಬಣ್ಣ ಹೊಡೆದವರು ನಾವೇ. ಹೊಡೆಯುವ ತನಕ ಒಳಗೆ ಹೋಗಬಹುದಿತ್ತು. ಬಣ್ಣ ಒಣಗಿದ ಮೇಲೆ ಹೋಗಬಾರದು ಎಂದು ಆಜ್ಞೆಯಾಯಿತು.

“ಮತ್ತೆ ನಾವೆಲ್ಲಿಗೆ ಹೋಗೋದು?” ಎಂದೆ ನಾನು.

“ಪಂಪ್ ಮನೆ ಹಿಂದೆ ಅಷ್ಟು ದೊಡ್ಡ ಜಾಗ ಬಿದ್ದಿದೆಯಲ್ಲೋ” ಎಂದ ಮೇಸ್ತ್ರಿ.

“ಅಕ್ಕ?”

ಮೇಸ್ತ್ರಿ ಬೇರೆ ಕಡೆ ನೋಡಿದ. “ಹೆಂಗಸರು ಹೇಗೋ ಹೊಂದಿಸ್ಕೋತಾರೆ.”

ಅಕ್ಕ ಹೊಂದಿಸಿಕೊಂಡದ್ದು ಹೀಗೆ: ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುವುದನ್ನು ಬಿಟ್ಟಳು. ಮೂರು ವರ್ಷ ಅದೇ ಕಕ್ಕಸು ಬಳಸಿದವಳು. ಅದರ ಯಾವ ಬಾಗಿಲಿನ ಚಿಲಕ ಗಟ್ಟಿ, ಯಾವ ನಲ್ಲಿ ಸೋರುತ್ತದೆ ಎಂದು ಬಲ್ಲವಳು. ಈಗ ಅದರ ಮುಂದೆ ಬಕೆಟ್ ಹೊತ್ತುಕೊಂಡು ಓಡಾಡುವಾಗ ಬಾಗಿಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತುಟಿ ಬೆಳ್ಳಗಾಗಿರುತ್ತಿತ್ತು. ಪುಟ್ಟಿಗೋ ಬಾಯಾರಿಕೆಗೋ, ನಾನು ಕೇಳಲಿಲ್ಲ. ಆಗಾಗ ಪಂಪ್ ಮನೆಯ ಹಿಂದೆ ನಿಂತು ಇಡೀ ವ್ಯವಸ್ಥೆಯನ್ನು ಬಾಯಿಗೆ ಬಂದಂತೆ ಬೈದು, ಹಗುರಾಗಿ ಬರುತ್ತಿದ್ದೆ. ನನ್ನ ಬಂಡಾಯವೆಲ್ಲ ಆಗ ಪಂಪ್ ಮನೆಯ ಹಿಂದೆಯೇ ನಡೆಯುತ್ತಿತ್ತು.

ಆ ಬುಧವಾರ ಮೇಸ್ತ್ರಿಯ ಜೊತೆ ಒಬ್ಬ ಅಧಿಕಾರಿ ಬಂದ. ಹಳೆಯ ವಿದ್ಯಾರ್ಥಿಗಳ ಸಮೀಕ್ಷೆ ನೋಡಿಕೊಳ್ಳುವವನು. ಬಾಯಿ ತೆರೆದರೆ ಶೇಕಡಾ ಇಷ್ಟು, ಶೇಕಡಾ ಅಷ್ಟು ಎನ್ನುತ್ತಿದ್ದುದರಿಂದ ನಾವು ಅವನಿಗೆ ಶೇಕಡಾ ಎಂದೇ ಹೆಸರಿಟ್ಟಿದ್ದೆವು. ಮುಖ ಬಿಳಿಚಿಕೊಂಡಿತ್ತು. ಮಧ್ಯಾಹ್ನ ಕಮಿಟಿಯವರು ಇಲ್ಲಿ ಓದಿ ಹೋದವರನ್ನು ಕಂಡು ಮಾತಾಡುವುದಿತ್ತು. ಪದವಿ ನಿಮ್ಮನ್ನು ಕೆಲಸಕ್ಕೆ ಎಷ್ಟರ ಮಟ್ಟಿಗೆ ಸಿದ್ಧಗೊಳಿಸಿತು ಎಂದು ಕೇಳುವುದಿತ್ತು. ಶೇಕಡಾ ವಾರವಿಡೀ ಫೋನ್ ಮಾಡಿದ್ದ. ಒಬ್ಬರೂ ಬಂದಿರಲಿಲ್ಲ. ಒಳ್ಳೆಯ ಕೆಲಸ ಸಿಕ್ಕವರು ದೂರ ಇದ್ದರು. ಸಣ್ಣ ಕೆಲಸದವರಿಗೆ ರಜೆ ಇರಲಿಲ್ಲ. ಕೆಲಸವೇ ಇಲ್ಲದವರಿಗೆ ಮುಖ ತೋರಿಸಲು ನಾಚಿಕೆ.

“ಐದು ಜನ ಬೇಕು. ಇಸ್ತ್ರಿ ಅಂಗಿ ನಾವೇ ಕೊಡ್ತೀವಿ. ಸುಮ್ನೆ ಕೂತು, ಹೇಳಿದ್ದು ಹೇಳಿದ್ರೆ ಸಾಕು” ಎಂದ.

ಆಮೇಲೆ ಸಂತೆಯಲ್ಲಿ ಎತ್ತು ನೋಡಿದ ಹಾಗೆ ನಮ್ಮನ್ನು ನೋಡಿದ. ನನ್ನ ಮುಂದೆ ನಿಂತು, “ಬಾಯಿ ತೆಗಿ” ಎಂದ.

“ಯಾಕೆ ಸರ್?”

“ಹಲ್ಲು ನೋಡಬೇಕು.”

ತೆಗೆದೆ. ನನ್ನ ಹಲ್ಲು ಚೆನ್ನಾಗಿವೆ. ದೇಹದಲ್ಲಿ ಇನ್ನೂ ಬಣ್ಣ ತಾಗದ ಜಾಗ ಅದೊಂದೇ. ಆಯ್ಕೆಯಾದೆ. ಸುಣ್ಣದ ಕಾಲದಿಂದ ಗೋಡೆ ಬಳಿಯುತ್ತಿರುವ ಮುದುಕನೊಬ್ಬ ನಮ್ಮಲ್ಲಿದ್ದಾನೆ, ನಾವು ಸುಣ್ಣದಜ್ಜ ಎನ್ನುತ್ತೇವೆ. ಅವನ ತಲೆ ಪೂರ್ತಿ ಬಿಳಿ. “ಇವರು ಮೊದಲನೇ ತಂಡದ ವಿದ್ಯಾರ್ಥಿ ಆಗ್ಲಿ” ಎಂದ ಶೇಕಡಾ. ತನ್ನ ಹೆಸರು ಬರೆಯಲೂ ಬಾರದ ಸುಣ್ಣದಜ್ಜ ಒಂದೇ ಮಾತಿಗೆ ‘ಇವರು’ ಆಗಿಬಿಟ್ಟ. ಇನ್ನು ಮೂವರನ್ನು ಆರಿಸಿದ ಮೇಲೆ ಶೇಕಡಾನ ಕಣ್ಣು ಅಕ್ಕನ ಮೇಲೆ ಬಿತ್ತು.

“ಒಬ್ಬಳು ಹೆಣ್ಣಿದ್ರೆ ಒಳ್ಳೇದು. ಹೆಣ್ಣುಮಕ್ಕಳ ಶೇಕಡಾವಾರು ಕಡಿಮೆ ಬಿದ್ದಿದೆ.” ಹತ್ತಿರ ಹೋದ. ಬಿರಿದ ಕೈ ನೋಡಿದ, ಪುಟ್ಟಿ ಹತ್ತಿದ ರೆಪ್ಪೆ ನೋಡಿದ. “ಬೇಡ ಬಿಡು. ಈಕೆಗೆ ಓದಿದವರ ಕಳೆ ಇಲ್ಲ.”

ಸುಣ್ಣದಜ್ಜನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ನನ್ನ ನಾಲಿಗೆ ಮೊದಲಿನಿಂದಲೂ ನನ್ನ ಮಾತು ಕೇಳುವುದಿಲ್ಲ.

“ಸರ್, ನಮ್ಮೆಲ್ಲರಲ್ಲಿ ಇಲ್ಲಿ ಓದಿರೋದು ಅವಳೊಬ್ಬಳೇ. ನಮ್ಮಕ್ಕ.”

ಮಣ್ಣಿನ ಹಾವು ಮಾಡುತ್ತಿದ್ದವನ ಕೈಯಲ್ಲಿ ಅದು ಬುಸ್ಸೆಂದರೆ ಹೇಗಾಗಬಹುದೋ, ಶೇಕಡಾನ ಮುಖ ಹಾಗಾಯಿತು.

“ಯಾವ ವಿಭಾಗ... ನಿಮ್ಮದು?” ನೀನು ಹೋಗಿ ನೀವು ಬಂತು. ಮರ್ಯಾದೆಗಲ್ಲ, ಭಯಕ್ಕೆ.

“ರಸಾಯನಶಾಸ್ತ್ರ.”

“ಸಮೀಕ್ಷೆ ಕಳಿಸಿದ್ವಲ್ಲ, ಬಂದಿತ್ತಾ?”

“ಬಂತು. ಬಂದಾಗಲೆಲ್ಲ ಬರೆದೆ.” ಅಕ್ಕ ಬಕೆಟ್ಟಿನಲ್ಲಿ ಪುಟ್ಟಿ ಕಲಸುತ್ತಲೇ ಹೇಳಿದಳು. “ಈಗಿನ ಕೆಲಸ, ಬಣ್ಣ ಬಳಿಯೋದು. ಪದವಿ ಇದಕ್ಕೆ ಎಷ್ಟು ಸಿದ್ಧ ಮಾಡಿತು ಅಂದ್ರೆ, ಐದಕ್ಕೆ ಒಂದು.”

“ಓ! ಅದು ನೀವಾ?” ಶೇಕಡಾ ಹಗುರಾಗಿ ಉಸಿರು ಬಿಟ್ಟ. ಬಹಳ ದಿನದಿಂದ ಹುಡುಕುತ್ತಿದ್ದ ಚಾವಿ ಜೇಬಿನಲ್ಲೇ ಸಿಕ್ಕವನ ಹಾಗೆ. “ಯಾರೋ ಪೋಲಿ ಹುಡುಗರು ಕುಚೋದ್ಯ ಮಾಡಿದಾರೆ ಅಂದ್ಕೊಂಡು ನಾನೇ ತೆಗೆದುಹಾಕಿದೆ. ಹೆಸರು ಸಮೇತ. ಸುಮ್ನೆ ಶೇಕಡಾವಾರು ಕೆಡ್ತಿತ್ತು.”

ಅಕ್ಕನ ಕೈ ಒಂದು ಸಲ ನಿಂತಿತು. ಮತ್ತೆ ಕಲಸತೊಡಗಿತು.

“ಈಕೆಯನ್ನ ಹೊರಗಡೆ ಕಿಟಕಿ ಕೆಲಸಕ್ಕೆ ಹಾಕಿ” ಎಂದು ಶೇಕಡಾ ಮೇಸ್ತ್ರಿಗೆ ಹೇಳಿದ. “ಕಮಿಟಿ ಹೋಗೋವರೆಗೂ ಒಳಗೆ ಬರಬಾರದು.”

ಕಥೆಗಳಲ್ಲಾದರೆ ನನ್ನಂಥವನು ಇಲ್ಲಿ ಪುಟ್ಟಿಯ ಬಕೆಟ್ಟನ್ನು ಎತ್ತಿ ಶೇಕಡಾನ ತಲೆಯ ಮೇಲೆ ಸುರಿಯುತ್ತಾನೆ. ನಾನು ಕೇಳಿದ್ದು, “ಸರ್, ಅಂಗಿ ವಾಪಸ್ ಕೊಡಬೇಕಾ?” ಎಂದು.

ಅಕ್ಕ ಬಕೆಟ್ ಎತ್ತಿಕೊಂಡಳು. ನನ್ನ ಪಕ್ಕ ಬಂದಾಗ ಕಣ್ಣಲ್ಲೇ ನಕ್ಕಳು. “ಹೋಗೋ. ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಕೂತು ಬಾ. ಮನೇಲಿ ಒಬ್ಬರಿಗಾದ್ರೂ ಆ ಡಿಗ್ರಿ ಉಪಯೋಗಕ್ಕೆ ಬರಲಿ.”

ನಮ್ಮ ಐವರ ಕೈಯನ್ನು ಬಣ್ಣ ಬಿಡಿಸುವ ಥಿನ್ನರ್ ಹಾಕಿ ಉಜ್ಜಿಸಿದರು. ಬಿರುಕುಗಳಲ್ಲಿ ಉರಿ ಹತ್ತಿತು. ವಾಸನೆ ಹೋಗಲಿ ಎಂದು ಮೇಲೆ ಸೆಂಟು ಹೊಡೆದರು. ಒಬ್ಬೊಬ್ಬರಿಗೂ ಬಾರದವನೊಬ್ಬನ ಹೆಸರು ಕೊಟ್ಟರು. ನನ್ನ ಪಾಲಿನವನು ಬಣ್ಣದ ಕಂಪನಿಯಲ್ಲಿ ಮ್ಯಾನೇಜರ್ ಅಂತೆ. ನಿಜವಾಗಿ ಎಲ್ಲಿದ್ದಾನೋ ಪಾಪ, ಅವನೂ ಯಾವುದಾದರೂ ಸಾರುವೆಯ ಮೇಲೆ ನಿಂತು ಸೀನುತ್ತಿದ್ದಾನೋ ಏನೋ.

“ಎಲ್ಲಕ್ಕೂ ಐದಕ್ಕೆ ಐದು ಕೊಡಿ” ಎಂದು ಶೇಕಡಾ ಪಾಠ ಹೇಳಿದ. “ಆದ್ರೆ ಕ್ಯಾಂಟೀನ್ ಕೇಳಿದ್ರೆ ಮೂರು.”

“ಕ್ಯಾಂಟೀನ್ ಏನು ತಪ್ಪು ಮಾಡ್ತು ಸಾಮಿ?” ಎಂದ ಸುಣ್ಣದಜ್ಜ.

“ಏನೂ ಇಲ್ಲ ಅಜ್ಜ. ಒಂದು ಕಡೆಯಾದ್ರೂ ಕಡಿಮೆ ಕೊಟ್ರೆ ನಿಜ ಹೇಳ್ತಿದಾರೆ ಅನ್ಸುತ್ತೆ.”

ಇಷ್ಟು ಜಾಣತನವನ್ನು ಪಾಠ ಹೇಳುವುದರಲ್ಲಿ ತೋರಿಸಿದ್ದರೆ ಸಮೀಕ್ಷೆಯೇ ಬೇಕಾಗುತ್ತಿರಲಿಲ್ಲ.

ಇಸ್ತ್ರಿ ಅಂಗಿ ತೊಟ್ಟು ಪದವೀಧರನಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಮೂತ್ರ ಮಾಡಿದ್ದು. ಆ ಹೊಸ ಟೈಲ್ಸಿನ ಕಕ್ಕಸಿಗೆ ನೆಟ್ಟಗೆ ನಡೆದೆ. ಬೆಳಿಗ್ಗೆ ನನ್ನನ್ನು ಅಲ್ಲಿಂದ ಓಡಿಸಿದ್ದ ಕಾವಲುಗಾರ ಬಾಗಿಲು ತೆರೆದು ಹಿಡಿದ. ನಲ್ಲಿ ತಿರುಗಿಸಿದರೆ ನೀರು, ಒತ್ತಿದರೆ ಸೋಪು. ಕನ್ನಡಿಯಲ್ಲಿ ಯಾರೋ ದೊಡ್ಡ ಮನುಷ್ಯ ನಿಂತಿದ್ದ. ಅವನಿಗೆ ನಾನೇ ತಲೆಬಾಗಿದೆ. ಮೂರ್ಖನ ಹಾಗೆ ಬಹಳ ಹೊತ್ತು ಕೈ ತೊಳೆದೆ.

ಸಭೆಯ ಕೋಣೆಯ ಬಾಗಿಲುವಾಡಕ್ಕೂ ನಡುವಿನ ಕಂಬಕ್ಕೂ ಅವತ್ತು ಬೆಳಿಗ್ಗೆಯೇ ಎರಡನೇ ಕೋಟು ಹೊಡೆದಿದ್ದೆವು. ಮೊದಲಿನ ಬಣ್ಣ ಮಂಕಾಗಿ ಕಾಣುತ್ತದೆ ಎಂದು ಶೇಕಡಾನೇ ಹಟ ಹಿಡಿದು ಹೊಡೆಸಿದ್ದು. ಐದು ಜನ ಪದವೀಧರರೂ ಭುಜ ಓರೆ ಮಾಡಿ, ಕೈ ಮೈಗೆ ಒತ್ತಿಕೊಂಡು, ಏಡಿಗಳ ಹಾಗೆ ಅಡ್ಡಡ್ಡ ಒಳಗೆ ಹೋದೆವು. ಹಸಿ ಬಾಗಿಲಲ್ಲಿ ಬಣ್ಣದವರು ನಡೆಯುವುದೇ ಹಾಗೆ. ವಿನಯ ಎಂದುಕೊಂಡರೋ ಏನೋ, ಕಮಿಟಿಯವರು ಮುಗುಳ್ನಕ್ಕರು.

ಕಮಿಟಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು, ಬೆಳ್ಳಗಿನ ಬಟ್ಟೆ. ಅವರ ಸಹಾಯಕಿಯ ಕೈಯಲ್ಲಿ ಸ್ಲೇಟಿನಷ್ಟು ಅಗಲದ ಫೋನು. ನಾವು ಹೇಳಿದ ಅಂಕವನ್ನು ಅವಳು ಅದರಲ್ಲಿ ಒತ್ತಿ ಕಳಿಸುತ್ತಿದ್ದಳು. ಮೂಲೆಯಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಕೂತಿದ್ದರು, ಅಕ್ಕನಿಗೆ ಪಾಠ ಮಾಡಿದವರು. ಅವರ ಹಿಂದಿನ ಕಿಟಕಿಯಾಚೆ, ಸಾರುವೆಯ ಹಲಗೆಯ ಮೇಲೆ, ಅಕ್ಕ ಕೂತು ಚೌಕಟ್ಟು ಉಜ್ಜುತ್ತಿದ್ದಳು.

ಮೊದಲು ಸುಣ್ಣದಜ್ಜನ ಸರದಿ.

“ನೀವು ಯಾವ ವರ್ಷ ಮುಗಿಸಿದ್ರಿ?”

“ಐದು” ಎಂದ ಅಜ್ಜ.

“ಅಲ್ಲ, ಯಾವ ವರ್ಷ...”

“ಐದು ತಾಯಿ. ಎಲ್ಲಕ್ಕೂ ಐದು. ಕ್ಯಾಂಟೀನಿಗೆ ಮೂರು.”

“ಅವರಿಗೆ ಕಿವಿ ಸ್ವಲ್ಪ ಮಂದ” ಎಂದು ಶೇಕಡಾ ಬೆವರು ಒರೆಸಿಕೊಂಡ.

ನನ್ನ ಸರದಿ ಬಂತು. ಕೊಟ್ಟ ಹೆಸರನ್ನು ಹೇಳಿದೆ. ಫೋನ್ ನಂಬರ್ ಕೇಳಿದಾಗ ಗಾಬರಿಯಲ್ಲಿ ನನ್ನದನ್ನೇ ಹೇಳಿಬಿಟ್ಟೆ. ಆಮೇಲೆ ಅಧ್ಯಕ್ಷೆ ನನ್ನ ಕಡೆಗೆ ಬಾಗಿ, “ನೀವು ಹೇಳಿ, ಈ ಪದವಿ ನಿಮ್ಮನ್ನು ಬದುಕಿಗೆ ಹೇಗೆ ಸಿದ್ಧ ಮಾಡಿತು?” ಎಂದರು.

ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಮೇಜು ಗುದ್ದಿ ನಿಜ ಹೇಳುತ್ತೇನೆ, ಎಲ್ಲರನ್ನೂ ನಡುಗಿಸುತ್ತೇನೆ ಎಂದುಕೊಂಡಿದ್ದೆ. ಆದರೆ ಆ ‘ನೀವು’ ಇದೆಯಲ್ಲ, ಅದು ಕಿವಿಯೊಳಗೆ ಬೆಣ್ಣೆಯ ಹಾಗೆ ಇಳಿಯಿತು. ಕುರ್ಚಿ ಮೆತ್ತಗಿತ್ತು. ಗಾಳಿ ತಣ್ಣಗಿತ್ತು. ನನ್ನ ಬಾಯಿ ತಾನಾಗಿ ಮಾತಾಡಿತು.

“ಮೇಡಂ, ಈ ಪದವಿ ಇಲ್ಲದೆ ಹೋಗಿದ್ರೆ ನಾನು ಇವತ್ತು ಎಲ್ಲಿರ್ತಿದ್ದೆ ಅಂತ ಯೋಚನೆ ಮಾಡಿದ್ರೆ ಭಯ ಆಗುತ್ತೆ. ಯಾವುದೋ ಗೋಡೆ ಬಳಿದುಕೊಂಡು ಇರ್ತಿದ್ದೆ. ಗುರುಗಳು ನಮ್ಮನ್ನ ಮನುಷ್ಯರನ್ನಾಗಿ ಮಾಡಿದ್ರು.”

ಇಸ್ತ್ರಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡೆ. ನಿಜವಾದ ಕಣ್ಣೀರು, ನಟನೆಯಲ್ಲ. ಅಧ್ಯಕ್ಷೆಯ ಕಣ್ಣೂ ಒದ್ದೆಯಾಯಿತು. “ನಿಮ್ಮಂಥವರನ್ನ ನೋಡಿದ್ರೆ ಎಲ್ಲ ಸಾರ್ಥಕ ಅನ್ಸುತ್ತೆ” ಎಂದರು. ಸಹಾಯಕಿ ಐದು, ಐದು, ಐದು ಎಂದು ಒತ್ತುತ್ತ ಹೋದಳು. ಕ್ಯಾಂಟೀನಿಗೆ ಮೂರು ಎಂದಾಗ ಅಧ್ಯಕ್ಷೆ ತಲೆದೂಗಿದರು. ಎಷ್ಟು ಪ್ರಾಮಾಣಿಕ ಹುಡುಗ!

ಕಿಟಕಿಯಾಚೆ ಉಪ್ಪುಕಾಗದ ಸರಸರ ಎನ್ನುತ್ತಲೇ ಇತ್ತು. ರಸಾಯನಶಾಸ್ತ್ರದ ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋದರು. “ಏಯ್, ಸದ್ದು ಮಾಡಬೇಡಮ್ಮ” ಎಂದರು. ಅಕ್ಕ ತಲೆ ಎತ್ತಿದಳು. ಅವರು ಅವಳ ಕಣ್ಣನ್ನೇ ನೋಡಿದರು. ಆಮೇಲೆ ಕಿಟಕಿ ಮುಚ್ಚಿದರು. ಮುಖಕ್ಕೆ ಬಟ್ಟೆ ಇತ್ತಲ್ಲ, ಗುರುತು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ. “ಸಿಕ್ತು. ಅದಕ್ಕೇ ಮುಚ್ಚಿದ್ರು” ಎಂದಳು ಅಕ್ಕ, ಆಮೇಲೆ.

ಪ್ರಶ್ನೆಗಳು ಮುಗಿದವು. ಅಧ್ಯಕ್ಷೆ ಸಮಾಧಾನದಿಂದ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಆ ಕಂಬಕ್ಕೆ ಬೆನ್ನು ಒರಗಿಸಲು ಹೋದರು.

“ಒರಗಬೇಡಿ!”

ಐದು ಬಾಯಿಗಳಿಂದ ಒಟ್ಟಿಗೇ ಬಂತು. ನಾನು ಎದ್ದು ಹಾರಿ ಕುರ್ಚಿಯನ್ನೇ ಹಿಡಿದು ನಿಲ್ಲಿಸಿದ್ದೆ. “ಹಸಿ ಇದೆ ಮೇಡಂ. ಬೆಳಿಗ್ಗೆ ತಾನೇ ಎರಡನೇ ಕೋಟು ಹೊಡೆದಿದೀವಿ.”

“ಹೊಡೆದಿದೀವಿ?” ಎಂದರು ಅಧ್ಯಕ್ಷೆ.

ದಿನವಿಡೀ ಸುಳ್ಳು ಹೇಳಬಲ್ಲ ನಾನು, ನನ್ನ ಕೈಯಾರೆ ಬಳಿದ ಕಂಬ ಕೆಡುತ್ತದೆ ಎಂದಾಗ ಒಂದು ಕ್ಷಣವೂ ತಡೆದುಕೊಳ್ಳಲಿಲ್ಲ.

ಶೇಕಡಾ ದೊಡ್ಡದಾಗಿ ನಕ್ಕ. “ಇವರು ಬಣ್ಣದ ಕಂಪನಿ ಮ್ಯಾನೇಜರ್ ಅಲ್ವಾ ಮೇಡಂ! ಓದಿದ ಜಾಗದ ಮೇಲಿನ ಅಭಿಮಾನಕ್ಕೆ ಅವರ ಕಂಪನಿಯಿಂದಲೇ ಬಣ್ಣ ಹೊಡೆಸಿಕೊಟ್ಟಿದಾರೆ.”

“ಓ, ಹಾಗೋ!” ಎಂದರು ಅಧ್ಯಕ್ಷೆ. ಅವರಿಗೂ ನಂಬುವ ಆಸೆ ಇತ್ತು. ಚಹಾದ ಹೊತ್ತು ಮೀರಿತ್ತು.

ಹೌದು ಎಂದಿದ್ದರೆ ಮುಗಿದಿತ್ತು. ಹೌದು ಎನ್ನಲು ಬಾಯಿಯನ್ನೂ ತೆರೆದೆ. ಆಗ ಗಾಜಿನಾಚೆ ಅಕ್ಕ ಕಂಡಳು. ಉಜ್ಜುವುದನ್ನು ನಿಲ್ಲಿಸಿದ್ದಳು. ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಮುದುಡಿ, ಎರಡೂ ಕೈಗಳಿಂದ ಕಿಬ್ಬೊಟ್ಟೆ ಒತ್ತಿ ಹಿಡಿದಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಮೂರು ವರ್ಷ ಓದಿದವಳು ಹೊರಗೆ ಹಿಡಿದುಕೊಂಡು ಕೂತಿದ್ದಳು. ಎಂಟನೇ ಕ್ಲಾಸಿನವನು ಒಳಗೆ ಹೊಟ್ಟೆ ಹಗುರ ಮಾಡಿಕೊಂಡು, ಸೋಪಿನ ವಾಸನೆಯ ಕೈಯಲ್ಲಿ ಕುರ್ಚಿ ಹಿಡಿದು ನಿಂತಿದ್ದೆ.

ಹೋಗಿ ಕಿಟಕಿ ತೆರೆದೆ. “ಅಕ್ಕಾ, ಒಳಗೆ ಬಾ.”

“ಕಾಲೆಲ್ಲ ಪುಟ್ಟಿ ಕಣೋ.”

“ಇರಲಿ ಬಾರೇ.”

ನನ್ನ ಮುಖ ನೋಡಿದಳು. ಒಳಗಿನವರ ಮುಖ ನೋಡಿದಳು. ಆಮೇಲೆ ಕಿಟಕಿ ದಾಟಿ ಇಳಿದಳು. ಪಾಲಿಶ್ ಮಾಡಿದ ನೆಲದ ಮೇಲೆ ಬಿಳಿ ಹೆಜ್ಜೆ ಮೂಡಿಸುತ್ತ, ಕಮಿಟಿಯ ಮೇಜನ್ನು ದಾಟಿ, ನೇರ ಬಾಗಿಲಿನ ಕಡೆ ನಡೆದಳು. ಶೇಕಡಾ ಓಡಿ ಅಡ್ಡ ನಿಂತ.

“ಎಲ್ಲಿಗೆ? ಆ ಕಡೆ ನೀವು ಹೋಗೋ ಹಾಗಿಲ್ಲ.”

“ಪಕ್ಕಕ್ಕೆ ಸರೀರಿ ಸರ್” ಎಂದಳು ಅಕ್ಕ. ದನಿ ಏರಲಿಲ್ಲ. “ನಾನು ಬಳಿದ ಕಕ್ಕಸಿಗೆ ಹೋಗ್ತೀನಿ. ಬಿಡದೇ ಇದ್ರೆ ಇಲ್ಲೇ, ಇವರೆಲ್ಲರ ಮುಂದೆ ಕೂತ್ಕೋತೀನಿ. ಆಮೇಲೆ ಅದರ ಶೇಕಡಾವಾರು ನೀವೇ ಬರ್ಕೊಳ್ಳಿ.”

ಶೇಕಡಾ ಸರಿದ. ಸರಿದವನು ಹಸಿ ಬಾಗಿಲುವಾಡಕ್ಕೆ ಅಂಟಿಕೊಂಡ. ಅವನಿಗೆ ಒರಗಬೇಡಿ ಎಂದು ಯಾರೂ ಹೇಳಲಿಲ್ಲ.

ಪಕ್ಕದಲ್ಲೇ ಕಕ್ಕಸು. ಚಿಲಕ ಬಿದ್ದ ಸದ್ದು ಕೇಳಿತು. ಕಮಿಟಿ, ಮೇಷ್ಟ್ರು, ಪದವೀಧರರು ಎಲ್ಲ ಸುಮ್ಮನೆ ಕೂತಿದ್ದೆವು. ನೀರು ಬಿಟ್ಟ ಸದ್ದು. ನಲ್ಲಿಯ ಸದ್ದು. ಅದು ನಿಲ್ಲಲಿಲ್ಲ, ಬಹಳ ಹೊತ್ತು ಹರಿಯಿತು. ಅಷ್ಟು ಓದಿದ ಜನ ಅಷ್ಟು ಗಮನವಿಟ್ಟು ನಮ್ಮವರನ್ನು ಕೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಕ್ಕ ಮುಖ ತೊಳೆದುಕೊಂಡು ಬಂದಳು. ಬಟ್ಟೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದಳು. ರಸಾಯನಶಾಸ್ತ್ರದ ಮೇಷ್ಟ್ರು ತಮ್ಮ ಚಪ್ಪಲಿ ನೋಡತೊಡಗಿದರು.

“ಯಾರಮ್ಮ ನೀನು?” ಎಂದರು ಅಧ್ಯಕ್ಷೆ.

“ಇಲ್ಲಿ ಓದಿದೋಳು. ಈ ಸರ್ ಪಾಠ ಮಾಡಿದಾರೆ, ಬೇಕಾದ್ರೆ ಕೇಳಿ. ನಂದೂ ತಗೊಳ್ಳಿ ಮೇಡಂ. ಈಗಿನ ಕೆಲಸ, ಬಣ್ಣ ಬಳಿಯೋದು. ಪದವಿ ಅದಕ್ಕೆ ಸಿದ್ಧ ಮಾಡಿದ್ದು, ಒಂದು. ಕೆಲಸ ಸಿಗೋದಕ್ಕೆ ಇಲ್ಲಿಂದ ಸಿಕ್ಕ ಸಹಾಯ, ಸೊನ್ನೆ ಇದ್ರೆ ಸೊನ್ನೆ, ಇಲ್ದಿದ್ರೆ ಒಂದು. ಕಕ್ಕಸಿಗೆ ಐದು. ಗೋಡೆ ಚೆನ್ನಾಗಿ ಬಂದಿದೆ.”

ಮೇಷ್ಟ್ರು ಚಪ್ಪಲಿಯಿಂದ ಕಣ್ಣು ಎತ್ತದೆ ಹೌದೆಂದು ತಲೆ ಆಡಿಸಿದರು. ಅಷ್ಟನ್ನಾದರೂ ಮಾಡಿದರು. ಸಹಾಯಕಿ ತನ್ನ ಸ್ಲೇಟಿನಲ್ಲಿ ಹುಡುಕಿ, “ಇವರ ಹೆಸರು ಬರ್ತಾ ಇಲ್ಲ ಮೇಡಂ” ಎಂದಳು.

“ಹೆಸರಿಲ್ಲದೆ ತಗೊಳ್ಳೋಕಾಗಲ್ಲಮ್ಮ” ಎಂದರು ಅಧ್ಯಕ್ಷೆ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಔಷಧಿ ಅಂಗಡಿಯವನು ಆ ಮಾತ್ರೆ ಮುಗಿದಿದೆ ಎನ್ನುವ ಹಾಗೆ ಹೇಳಿದರು.

“ನಂದು ಇದೆಯಲ್ಲ!” ನನಗೇ ಗೊತ್ತಿಲ್ಲದೆ ಕೂಗಿದ್ದೆ. “ನಂದು ಅಳಿಸಿ. ನನ್ನ ಐದೆಲ್ಲ ಒಂದು ಮಾಡಿ.”

“ಕಳಿಸಿ ಆಯ್ತು” ಎಂದಳು ಸಹಾಯಕಿ. “ಬದಲಾಯಿಸೋಕೆ ಬರಲ್ಲ.”

“ನಾನು ಓದಿಲ್ಲ ಮೇಡಂ! ಎಂಟನೇ ಕ್ಲಾಸು ಫೇಲು! ಇವರು ಯಾರೂ ಓದಿಲ್ಲ. ಓದಿರೋದು ಅವಳು. ಅವಳ ಹೆಸರನ್ನ ಈ ಮನುಷ್ಯ ತೆಗೆದುಹಾಕಿದಾನೆ.”

ಆವೇಶದಲ್ಲಿ ಅಂಗಿಯ ಗುಂಡಿ ಕಿತ್ತು, ಬಿಚ್ಚಿ ಮೇಜಿನ ಮೇಲೆ ಒಗೆದೆ. ಒಳಗೆ ತೂತು ಬನಿಯನ್ನು. ಒಂದು ತೂತು ಹೊಕ್ಕುಳಿನ ನೇರಕ್ಕೇ ಇತ್ತು. ಬಂಡಾಯಕ್ಕೆ ಹೊರಡುವವನು ಮನೆ ಬಿಡುವ ಮೊದಲು ಬನಿಯನ್ನು ನೋಡಿಕೊಳ್ಳಬೇಕು. ನನ್ನ ಹಿಂದೆ ಉಳಿದವರೂ ಏಳುತ್ತಾರೆ ಎಂದುಕೊಂಡು ತಿರುಗಿದೆ. ಮೂವರು ಎದ್ದು ಅಂಗಿಯ ಗುಂಡಿ ಬಿಚ್ಚುತ್ತಿದ್ದರು. ಸುಣ್ಣದಜ್ಜ ಮಾತ್ರ ಕೂತೇ ಇದ್ದ.

“ಏಳಜ್ಜ!”

“ತಡಿಯೋ, ಬಿಸ್ಕತ್ತು ಬರ್ತಾ ಇದೆ” ಎಂದ. “ತಿಂದು ಎದ್ದರೂ ನಾನು ಓದಿಲ್ಲದವನೇ.”

ಅಧ್ಯಕ್ಷೆ ಗಡಿಯಾರ ನೋಡಿ, ಇದು ನಿಮ್ಮೊಳಗಿನ ವಿಷಯ ಎಂದು ಶೇಕಡಾನಿಗೆ ಹೇಳಿ ಎದ್ದರು. ಸಂಜೆಯ ಹೊತ್ತಿಗೆ ನಮ್ಮಿಬ್ಬರನ್ನು ಗೇಟಿನ ಹೊರಗೆ ಬಿಟ್ಟರು. ಮೇಸ್ತ್ರಿಗೆ ನಮ್ಮ ಮೇಲೆ ಕೊಲ್ಲುವಷ್ಟು ಸಿಟ್ಟು. “ಆ ಬಾಯಿಗೆ ಮೊದಲೇ ಪುಟ್ಟಿ ಮೆತ್ತಬೇಕಿತ್ತು ಕಣೋ ಎಂಟು. ಇನ್ನು ಈ ಕಡೆ ತಲೆ ಹಾಕಬೇಡಿ” ಎಂದ.

ಬೀದಿಯ ಕೊನೆಯ ನಲ್ಲಿಗೆ ಅಕ್ಕ ಬಾಯಿಟ್ಟು ನೀರು ಕುಡಿದಳು. ನಿಲ್ಲಿಸಿ, ಉಸಿರೆಳೆದು, ಮತ್ತೆ ಕುಡಿದಳು.

“ನೀನು ಎಷ್ಟು ಕೊಟ್ಟೆ?” ಎಂದಳು.

“ಐದು.”

“ಎಲ್ಲಕ್ಕೂ?”

“ಕ್ಯಾಂಟೀನಿಗೆ ಮೂರು.”

ನೀರು ಅವಳ ಮೂಗಿನಿಂದ ಹೊರಗೆ ಬಂತು. ನಲ್ಲಿಯನ್ನು ಹಿಡಿದುಕೊಂಡು ನಕ್ಕಳು. “ಕತ್ತೆ” ಎಂದಳು. “ಆ ಕ್ಯಾಂಟೀನಿನ ಒಳಗೆ ಹೋಗೋಕೆ ಮೂರು ವರ್ಷ ನನ್ನ ಹತ್ತಿರ ದುಡ್ಡಿರಲಿಲ್ಲ. ಅದೊಂದು ನಂಗೂ ಗೊತ್ತಿಲ್ಲ ಬಿಡು.” ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ನಾನು ತೂತು ಬನಿಯನ್ನಿನಲ್ಲಿ ಪಕ್ಕದಲ್ಲಿ ನಿಂತಿದ್ದೆ. ಪುಣ್ಯಕ್ಕೆ ಆಗ ನನ್ನ ಬಾಯಿಗೆ ಯಾವ ಮಾತೂ ಬರಲಿಲ್ಲ.

ವಿಶ್ವವಿದ್ಯಾಲಯದ ದರ್ಜೆ ಏರಿತು. ಗೇಟಿನ ಮೇಲೆ ದೊಡ್ಡ ಬೋರ್ಡು ಬಂತು. ಕಳಿಸಿದ ಅಂಕ ಕಳಿಸಿದ್ದೇ ತಾನೇ. ಅದರಲ್ಲಿ ನನ್ನ ಐದುಗಳೂ ಸುಣ್ಣದಜ್ಜನ ಐದುಗಳೂ ಭದ್ರವಾಗಿ ಕೂತಿವೆ. ಆ ಬೋರ್ಡನ್ನು ಕಂಡಾಗಲೆಲ್ಲ, ಇದರಲ್ಲಿ ನನ್ನ ಪಾಲೂ ಇದೆಯಲ್ಲ ಎಂದು ಹೆಮ್ಮೆಯಿಂದ ಹಲ್ಲು ಕಡಿಯುತ್ತೇನೆ.

ಈಗ ಬೇರೆ ಮೇಸ್ತ್ರಿಯ ಹತ್ತಿರ ಇದ್ದೇವೆ. ಮೊನ್ನೆ ಒಬ್ಬ ಹಲ್ಲಿನ ಡಾಕ್ಟರ ಹೊಸ ಕೋಣೆಗೆ ಪುಟ್ಟಿ ಮೆತ್ತುತ್ತಿದ್ದೆವು. ನನ್ನ ಜೇಬಿನಲ್ಲಿ ಫೋನ್ ನಡುಗಿತು. ಏಣಿಯ ಮೇಲೆ ಕೂತು, ಅಕ್ಷರ ಕೂಡಿಸಿ ಓದಿದೆ.

“ಪ್ರಿಯ ಪದವೀಧರರೇ.”

“ಯಾರಿಗೋ ಅದು?” ಎಂದಳು ಕೆಳಗಿನಿಂದ ಅಕ್ಕ.

“ನನಗೆ ಕಣೇ. ಹೊಸ ಸಮೀಕ್ಷೆ. ನಿನಗೆ ಬಂತಾ?”

ಅವಳಿಗೆ ಬಂದಿರಲಿಲ್ಲ. ಅವಳನ್ನು ಅಳಿಸಿದ್ದರು. ಅವರ ಲೆಕ್ಕದಲ್ಲಿ ನಮ್ಮ ಮನೆಯ ಪದವೀಧರ ನಾನು. ಸಿಟ್ಟಿಗೆ ಫೋನನ್ನು ಗೋಡೆಗೆ ಅಪ್ಪಳಿಸಲು ಕೈ ಎತ್ತಿದೆ. ಗೋಡೆ ಹಸಿ ಇತ್ತು, ಕೈ ಇಳಿಸಿದೆ.

“ಓದು” ಎಂದಳು ಅಕ್ಕ. ಪುಟ್ಟಿಯ ಹಲಗೆ ಕೆಳಗಿಟ್ಟು ಏಣಿಯ ಬುಡದಲ್ಲಿ ಕೂತಳು. “ನಾನು ಹೇಳ್ತೀನಿ, ನೀನು ಒತ್ತು.”

ಒಂದೊಂದೇ ಪ್ರಶ್ನೆ ಓದಿದೆ. ಅವಳು ಒಂದೊಂದೇ ಉತ್ತರ ಹೇಳಿದಳು. ಕೆಲಸ, ಬಣ್ಣ ಬಳಿಯುವುದು. ಸಿದ್ಧತೆ, ಒಂದು. ಸಹಾಯ, ಒಂದು. ಬೇರೆ ಏನಾದರೂ ಹೇಳುವುದಿದೆಯೇ ಎಂದು ಖಾಲಿ ಜಾಗ ಬಂತು. ಅಕ್ಕ ತನ್ನ ಹೆಸರನ್ನೂ ವಿಭಾಗವನ್ನೂ ವರ್ಷವನ್ನೂ ಹೇಳಿದಳು. ಅಕ್ಷರ ಅಕ್ಷರ ಹುಡುಕಿ ಒತ್ತಿದೆ. ಆಮೇಲೆ, “ಇದು ನಿಜವಾದ ಹೆಸರು, ವಾಪಸ್ ಹಾಕಿ ಅಂತ ಬರಿ” ಎಂದಳು. ಬರೆದೆ.

“ಇನ್ನೊಂದಿದೆ. ಈ ಬಗ್ಗೆ ನಿಮ್ಮನ್ನು ಮತ್ತೆ ಸಂಪರ್ಕಿಸಬಹುದೇ?”

ಅಕ್ಕ ಎದ್ದು ಹಲಗೆ ಕೈಗೆ ತಗೊಂಡಳು.

“ಹೌದು ಅಂತ ಒತ್ತೋ. ಗಟ್ಟಿಯಾಗಿ ಒತ್ತು.”

ಒತ್ತಿದೆ. ಫೋನಿನ ಗಾಜಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಬೆಳ್ಳಗೆ ಬಿತ್ತು. ಒರೆಸಲಿಲ್ಲ.